ಆಡಳಿತ ವರ್ಗದ ಹೊಣೆ

ಮಾಹಿತಿಯ ರಕ್ಷಣೆಯು ಗಣಕಯಂತ್ರಗಳ ಕೋಣೆಯಲ್ಲಿ ಕುಳಿತ ತಂತ್ರಜ್ಞರಿಗೆ ಮಾತ್ರ ಸೇರಿದ ಕಾರ್ಯವೆಂಬ ಭಾವನೆ ಎಷ್ಟು ಅನರ್ಥಕಾರಿಯೆಂಬುದನ್ನು ಜನರ ಸಾಲದ ವಿವರಗಳನ್ನು ಸಂಗ್ರಹಿಸುವ ಅಮೆರಿಕದ ಈಕ್ವಿಫ್ಯಾಕ್ಸ್ ಸಂಸ್ಥೆಯ ಪ್ರಕರಣವು ತೋರಿಸಿಕೊಟ್ಟಿದೆ. 2017ರ ಮಾರ್ಚ್ ತಿಂಗಳಿನಲ್ಲಿಯೇ ಅಪಾಚೆ ಸ್ಟ್ರಟ್ಸ್ ಎಂಬ ತಂತ್ರಾಂಶದ ದೋಷವೂ ಅದರ ಪರಿಹಾರವೂ ಪ್ರಕಟವಾಗಿದ್ದು, ಸಂಸ್ಥೆಯೊಳಗೆ ಆ ಎಚ್ಚರಿಕೆಯು ಹಂಚಲ್ಪಟ್ಟಿದ್ದರೂ, ಗ್ರಾಹಕರ ಆಕ್ಷೇಪಗಳನ್ನು ಸ್ವೀಕರಿಸುವ ಜಾಲತಾಣವು ದುರಸ್ತಿಯಾಗದೆ ಉಳಿದು, ಮೇ ತಿಂಗಳಿನಿಂದ ಜುಲೈ ಅಂತ್ಯದವರೆಗೆ ಸುಮಾರು 14.7 ಕೋಟಿ ಜನರ ಖಾಸಗಿ ವಿವರಗಳು ಅಪಹೃತವಾದವು. ಜಾಲದ ಸಂಚಾರವನ್ನು ಪರೀಕ್ಷಿಸಬೇಕಾಗಿದ್ದ ಸಾಧನವು, ಪ್ರಮಾಣಪತ್ರದ ಅವಧಿ ತೀರಿದ ಕಾರಣದಿಂದ, 19 ತಿಂಗಳುಗಳ ಕಾಲ ನಿಷ್ಕ್ರಿಯವಾಗಿದ್ದಿತು.

ಪದತ್ಯಾಗ ಮಾಡಿದ ಮುಖ್ಯಾಧಿಕಾರಿ ರಿಚರ್ಡ್ ಸ್ಮಿತ್, ಶಾಸನಸಭೆಯ ಸಮಿತಿಯೆದುರು ಒಬ್ಬ ನೌಕರನ ಲೋಪವನ್ನು ಎತ್ತಿ ಹೇಳಿದರು. ಕೋಟ್ಯಂತರ ಜನರ ಕ್ಷೇಮವು ಒಬ್ಬನ ಮರೆವಿಗೆ ಈಡಾಗುವಂತಹ ವ್ಯವಸ್ಥೆಯನ್ನು ನಿರ್ಮಿಸಿದವರು ಯಾರು? ಭದ್ರತೆಯ ಮುಖ್ಯಸ್ಥರು ತಂತ್ರಜ್ಞಾನ ವಿಭಾಗದಿಂದ ಬೇರ್ಪಟ್ಟು ಕಾನೂನು ವಿಭಾಗದ ಅಧೀನದಲ್ಲಿದ್ದುದನ್ನೂ, ಹೊಣೆಯ ರೇಖೆಗಳು ಅಸ್ಪಷ್ಟವಾಗಿದ್ದುದನ್ನೂ ಶಾಸನಸಭೆಯ ಸಮಿತಿಯೊಂದರ 2018ರ ವರದಿಯು ಎತ್ತಿ ತೋರಿದೆ. ಅಂತಹ ದೋಷವನ್ನು ತಿದ್ದುವ ಅಧಿಕಾರ ಯಾವ ತಂತ್ರಜ್ಞನಿಗೂ ಇರಲಾರದು. ಧನವ್ಯಯವನ್ನು ನಿಶ್ಚಯಿಸುವ, ಅಧಿಕಾರವನ್ನು ಹಂಚುವ ಆಡಳಿತ ವರ್ಗಕ್ಕೆ ಮಾತ್ರ ಅದು ಸಾಧ್ಯ.

ಭಾರತದ ರಿಸರ್ವ್ ಬ್ಯಾಂಕು 2016ರಲ್ಲಿಯೇ ಬ್ಯಾಂಕುಗಳ ಸೈಬರ್ ಭದ್ರತಾ ನೀತಿಗೆ ನಿರ್ದೇಶಕ ಮಂಡಳಿಯ ಅನುಮೋದನೆಯನ್ನು ಅಗತ್ಯಗೊಳಿಸಿತು. ಅನುಮೋದನೆಯ ಸಹಿಯಿಂದಲೇ ಕರ್ತವ್ಯವು ಮುಗಿಯದು. ನಮ್ಮ ಉದ್ಯಮಗಳ ನಿರ್ದೇಶಕರು, ಲಾಭನಷ್ಟಗಳ ಲೆಕ್ಕವನ್ನು ಪರಾಮರ್ಶಿಸುವ ಶ್ರದ್ಧೆಯಿಂದಲೇ, ಯಾವ ದುರಸ್ತಿಗಳು ಬಾಕಿಯಿವೆ, ಅವುಗಳಿಗೆ ಹೊಣೆಗಾರರು ಯಾರು ಎಂಬುದನ್ನು ಪ್ರತಿಯೊಂದು ಸಭೆಯಲ್ಲಿಯೂ ವಿಚಾರಿಸಬೇಕೆಂದು ನಾವು ಒತ್ತಾಯಿಸುತ್ತೇವೆ.