ಕಪಾಟಿನಲ್ಲಿದ್ದ ಅಮಾನತ್ತು

ಕೊಂಡುಹೋದ ಪುಸ್ತಕವನ್ನು ಯಾರೂ ಹಿಂದಿರುಗಿಸುವುದಿಲ್ಲ ಎಂಬುದು ಪುಸ್ತಕಗಳಿರುವ ಎಲ್ಲ ಮನೆಗಳ ದೂರು. ನಮ್ಮ ಮನೆಯಲ್ಲಿಯೂ ಈ ದೂರಿಗೆ ಕೊರತೆಯಿರಲಿಲ್ಲ. ಮಾವನವರು ಉರ್ದು ಶಾಲೆಯ ಅಧ್ಯಾಪಕರಾಗಿದ್ದರು. ಸಂಬಳದ ದಿನ ತರಕಾರಿ ಚೀಲದಲ್ಲಿ ಒಂದು ಪುಸ್ತಕವೂ ಇರುತ್ತಿತ್ತು ಎಂದು ಅತ್ತೆ ಈಗಲೂ ಹೇಳುತ್ತಾರೆ. ಮಾವ ತೀರಿಕೊಂಡ ಮೇಲೆ ಎರಡು ಕಪಾಟು ತುಂಬ ಉರ್ದು, ಕನ್ನಡ, ಅರಬಿ ಪುಸ್ತಕಗಳು ಉಳಿದವು. ಯಾವುದು ಎಲ್ಲಿದೆ, ಯಾರಿಗೆ ಕೊಟ್ಟಿದೆ ಎಂಬ ಲೆಕ್ಕವೆಲ್ಲ ಅವರ ತಲೆಯಲ್ಲಿತ್ತು. ಅದು ಅವರೊಂದಿಗೇ ಹೋಯಿತು.

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕರಿಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಕಾಲೇಜಿಗೆ ಹೋಗುವ ಮಗಳು ಕೇಳಿದಳು: “ಅಮ್ಮೀ, ದಾದಾ ಹತ್ತಿರ ಇವರ ಕಥೆಗಳ ಪುಸ್ತಕ ಇತ್ತು ಅಂತ ಹೇಳ್ತಿದ್ರಲ್ಲ, ಎಲ್ಲಿದೆ?” ಇತ್ತು. ಮದುವೆಯಾಗಿ ಬಂದ ಹೊಸದರಲ್ಲಿ ನಾನೇ ಓದಿದ್ದೆ. ಇಬ್ಬರೂ ಸೇರಿ ಎರಡೂ ಕಪಾಟು ಇಳಿಸಿದೆವು. ಅದು ಸಿಗಲಿಲ್ಲ. ಬದಲಿಗೆ ಒಂದೇ ದುಆ ಪುಸ್ತಕದ ಮೂರು ಪ್ರತಿಗಳು ಸಿಕ್ಕವು. ಇದೆಯೆಂದು ತಿಳಿಯದೆ ಮತ್ತೆ ಮತ್ತೆ ಕೊಂಡದ್ದು.

“ಯಾರೋ ತಗೊಂಡು ಹೋಗಿದ್ದಾರೆ. ತಗೊಂಡು ಹೋದವರು ಯಾರು ತಂದು ಕೊಟ್ಟಿದ್ದಾರೆ?” ಎಂದು ಅತ್ತೆ ನಿಟ್ಟುಸಿರು ಬಿಟ್ಟರು. ಹೇಗೂ ಪುಸ್ತಕಗಳೆಲ್ಲ ನೆಲದ ಮೇಲಿವೆ, ಒಂದು ಪಟ್ಟಿ ಮಾಡಿಬಿಡೋಣ ಎಂದು ಅಂದೇ ತೀರ್ಮಾನಿಸಿದೆವು.

ಪಟ್ಟಿ ಮಾಡುವುದು ನಮಗೆ ಹೊಸದೇನೂ ಅಲ್ಲ. ಬಗ್ದಾದಿನ ಇಬ್ನುನ್ನದೀಮ್ ಒಬ್ಬ ಪುಸ್ತಕ ವ್ಯಾಪಾರಿಯ ಮಗ. ಹಿಜರಿ 377ರಲ್ಲಿ, ಅಂದರೆ ಕ್ರಿ.ಶ. 987ರಲ್ಲಿ, ಅರಬಿಯಲ್ಲಿ ತಾನು ಬಲ್ಲ ಪುಸ್ತಕಗಳ ಪಟ್ಟಿಯನ್ನು ‘ಅಲ್ ಫಿಹ್‌ರಿಸ್ತ್’ ಎಂಬ ಹೆಸರಿನಲ್ಲಿ ಬರೆದಿಟ್ಟರು. ಅದರಲ್ಲಿರುವ ಎಷ್ಟೋ ಗ್ರಂಥಗಳು ಇಂದು ಇಲ್ಲ. ಅವು ಇದ್ದವೆಂಬುದೇ ಆ ಪಟ್ಟಿಯಿಂದ ಗೊತ್ತು. ಉರ್ದು ಮಾತಾಡುವ ಮನೆಗಳಲ್ಲಿ ಸಾಮಾನಿನ ಪಟ್ಟಿಗೆ ನಾವು ಹೇಳುವ ಫೆಹರಿಸ್ತ್ ಕೂಡ ಅದೇ ಪದ.

ಕೆಲಸ ಹೀಗೆ ನಡೆಯಿತು

ಮೊದಲು ನಾನು ನೋಟ್‌ಬುಕ್ ತೆರೆದೆ. ಮಗಳು ಬೇಡವೆಂದಳು. ನೋಟ್‌ಬುಕ್ಕಿನಲ್ಲಿ ಬರೆದ ಕ್ರಮ ಬದಲಾಗುವುದಿಲ್ಲ. ಹೊಸ ಪುಸ್ತಕ ಬಂದರೆ ಮಧ್ಯದಲ್ಲಿ ಸೇರಿಸಲಾಗದು. ಕಂಪ್ಯೂಟರಿನಲ್ಲಾದರೆ ಒಮ್ಮೆ ಬರೆದದ್ದನ್ನು ಲೇಖಕರ ಹೆಸರಿನಿಂದಲೋ ವಿಷಯದಿಂದಲೋ ಭಾಷೆಯಿಂದಲೋ ಬೇಕಾದ ಹಾಗೆ ಜೋಡಿಸಿ ನೋಡಬಹುದು.

ಇದಕ್ಕೆ ಹಣ ಖರ್ಚು ಮಾಡಬೇಕಿಲ್ಲ. ಲಿಬ್ರೆ ಆಫೀಸ್ ಎಂಬ ತಂತ್ರಾಂಶ ಉಚಿತ. ಅದರಲ್ಲಿ ಲೆಕ್ಕದ ಹಾಳೆಗೆ ‘ಕ್ಯಾಲ್ಕ್’, ಡೇಟಾಬೇಸ್‌ಗೆ ‘ಬೇಸ್’ ಎಂಬ ವಿಭಾಗಗಳಿವೆ. ಡೇಟಾಬೇಸ್ ಎಂದರೆ ಗಾಬರಿ ಬೇಡ, ಗೆರೆ ಹಾಕಿದ ಹಾಜರಿ ಪುಸ್ತಕವನ್ನು ನೆನೆಯಿರಿ. ಅಡ್ಡಸಾಲು ಒಂದು ಪುಸ್ತಕಕ್ಕೆ, ಉದ್ದದ ಕಾಲಂ ಒಂದು ವಿವರಕ್ಕೆ. ನಮ್ಮ ಕಾಲಂಗಳು ಇವು: ಕ್ರಮ ಸಂಖ್ಯೆ, ಪುಸ್ತಕದ ಹೆಸರು, ಲೇಖಕರು, ಅನುವಾದಕರು, ಭಾಷೆ, ಪ್ರಕಾಶಕರು, ವರ್ಷ, ವಿಷಯ, ಇರುವ ಕಪಾಟು, ಯಾರದ್ದು.

ಎರವಲು ಕೊಟ್ಟ ಲೆಕ್ಕಕ್ಕೆ ಇನ್ನೊಂದು ಪಟ್ಟಿ. ಒಂದೇ ಪುಸ್ತಕ ಹತ್ತು ಜನರ ಕೈಗೆ ಹೋಗಿ ಬರಬಹುದು, ಪ್ರತಿ ಸಲವೂ ಅದರ ಹೆಸರು, ಲೇಖಕರನ್ನೆಲ್ಲ ಮತ್ತೆ ಬರೆಯುವುದೇಕೆ? ಕ್ರಮ ಸಂಖ್ಯೆ, ಕೊಂಡುಹೋದವರು, ದಿನಾಂಕ, ಹಿಂದೆ ಬಂದ ದಿನ ಇಷ್ಟು ಬರೆದರೆ ಸಾಕು. ಎರಡೂ ಪಟ್ಟಿಗಳನ್ನು ಆ ಸಂಖ್ಯೆಯ ಮೂಲಕ ‘ಬೇಸ್’ ಜೋಡಿಸಿಕೊಡುತ್ತದೆ. ನೂರಿನ್ನೂರು ಪುಸ್ತಕಗಳ ಮನೆಗಾದರೆ ಇದೆಲ್ಲ ಬೇಕಾಗಿಲ್ಲ, ಕ್ಯಾಲ್ಕ್‌ನ ಒಂದು ಹಾಳೆ ಸಾಕು.

ಉರ್ದು ಪುಸ್ತಕಗಳದ್ದೇ ತೊಡಕಾಯಿತು. ಮಗಳಿಗೆ ಉರ್ದು ಓದಲು ಬಾರದು, ಅತ್ತೆಗೆ ಕಂಪ್ಯೂಟರ್ ಬಾರದು. ಅತ್ತೆ ಕನ್ನಡಕ ಹಾಕಿಕೊಂಡು ಹೆಸರು ಓದುತ್ತಿದ್ದರು, ಮಗಳು ಕನ್ನಡದಲ್ಲಿ ಟೈಪ್ ಮಾಡುತ್ತಿದ್ದಳು. ನನ್ನದು ಧೂಳು ಒರೆಸುವ ಕೆಲಸ. ನಡುನಡುವೆ ಅತ್ತೆ ಒಂದು ಪುಸ್ತಕವನ್ನು ಕೈಯಲ್ಲೇ ಹಿಡಿದು, ಅದನ್ನು ಮಾವ ಎಲ್ಲಿಂದ ತಂದಿದ್ದರೆಂದು ಹೇಳತೊಡಗಿದರೆ ಆ ದಿನದ ಕೆಲಸ ಅಲ್ಲಿಗೆ ನಿಲ್ಲುತ್ತಿತ್ತು. ಅಂತೂ ಹನ್ನೆರಡು ಸಂಜೆಗಳಲ್ಲಿ ಮುಗಿಯಿತು.

ನಾವು ತಪ್ಪಿ ಕಲಿತದ್ದು

* ಒಂದೇ ಪದಕ್ಕೆ ಹಲವು ಕಾಗುಣಿತ. ಕನ್ನಡ ಪುಸ್ತಕಗಳ ಮೇಲೆ ಕುರ್‌ಆನ್, ಕುರಾನ್, ಖುರಾನ್ ಎಂದು ಬಗೆಬಗೆಯಾಗಿ ಇರುತ್ತದೆ. ಒಂದನ್ನು ಹುಡುಕಿದರೆ ಉಳಿದವು ಕಾಣಿಸುವುದಿಲ್ಲ. ಹೆಸರನ್ನು ಇದ್ದಂತೆಯೇ ಬರೆಯಿರಿ, ‘ವಿಷಯ’ದ ಕಾಲಂನಲ್ಲಿ ಮಾತ್ರ ಒಂದೇ ಕಾಗುಣಿತವನ್ನು ಬಳಸಿರಿ. ಲೇಖಕರ ಹೆಸರಿಗೂ ಇದೇ ನಿಯಮ. ಅಬೂಬಕ್ಕರ್, ಅಬೂಬಕರ್ ಎಂದು ಎರಡು ಬಗೆಯಾದರೆ ಸಾರಾ ಅಬೂಬಕ್ಕರ್ ಪಟ್ಟಿಯಲ್ಲಿ ಇಬ್ಬರಾಗುತ್ತಾರೆ.

* ಕನ್ನಡವನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿರಿ. ಹಳೆಯ ಬಗೆಯ ಫಾಂಟ್‌ಗಳಲ್ಲಿ ಬರೆದರೆ ಬೇರೆ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಅಕ್ಷರಗಳು ಕಾಣುತ್ತವೆ, ಅಕಾರಾದಿಯಾಗಿಯೂ ಜೋಡಿಸಲಾಗದು.

* ಹಿಂಬದಿಯ ಐಎಸ್‌ಬಿಎನ್ ಸಂಖ್ಯೆ ಬರೆಯುವುದಾದರೆ ಆ ಕಾಲಂ ಅನ್ನು ಮೊದಲೇ ‘ಟೆಕ್ಸ್ಟ್’ ಎಂದು ಗುರುತಿಸಿರಿ. ಇಲ್ಲವಾದರೆ ಹಾಳೆ ಅದನ್ನು ಲೆಕ್ಕದ ಸಂಖ್ಯೆಯೆಂದು ತಿಳಿದು ಮುಂದಿನ ಸೊನ್ನೆಯನ್ನು ನುಂಗಿಬಿಡುತ್ತದೆ. 2007ರಿಂದ ಈ ಸಂಖ್ಯೆ 13 ಅಂಕಿಗಳದ್ದು, ಅದಕ್ಕೆ ಮುಂಚಿನದು 10 ಅಂಕಿಗಳದ್ದು. ಮಾವನವರ ಹಳೆಯ ಪುಸ್ತಕಗಳಲ್ಲಿ ಹೆಚ್ಚಿನವಕ್ಕೆ ಅದೂ ಇಲ್ಲ, ಆದ್ದರಿಂದ ಅದನ್ನೇ ನಂಬಿ ಕೂರುವಂತಿಲ್ಲ.

* ಸಂಪುಟಗಳಿಗೆ ಬೇರೆ ಬೇರೆ ಸಾಲು ಕೊಡಿರಿ. ಉರ್ದು ‘ತಫ್‌ಹೀಮುಲ್ ಕುರ್‌ಆನ್’ ಆರು ಸಂಪುಟಗಳದ್ದು. ಕೇಳುವವರು ಒಂದನ್ನು ಮಾತ್ರ ಕೇಳುತ್ತಾರೆ, ಕಳೆಯುವುದೂ ಒಂದೇ.

* ಕ್ರಮ ಸಂಖ್ಯೆಯನ್ನು ಹಿಂದಿನ ರಟ್ಟಿನ ಒಳಗೆ ಪೆನ್ಸಿಲಿನಲ್ಲಿ ಬರೆಯಿರಿ. ಅಂಟುಪಟ್ಟಿ ಕಾಲಕ್ರಮೇಣ ಹಳದಿಯಾಗಿ ಕಾಗದವನ್ನೇ ಕೆಡಿಸುತ್ತದೆ. ಮುಸ್‌ಹಫ್‌ಗಳ ಮೇಲೆ ನಾವು ಏನನ್ನೂ ಬರೆಯಲಿಲ್ಲ. ಅವುಗಳ ಬಟ್ಟೆಯ ಜುಜ್ದಾನಿಗೆ ಸಣ್ಣ ಚೀಟಿ ಹೊಲಿದೆವು.

* ಮುಗಿದ ಮೇಲೆ ಒಂದು ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ, ಇನ್ನೊಂದನ್ನು ನಿಮ್ಮದೇ ಇ-ಮೇಲ್‌ನಲ್ಲಿ ಇಟ್ಟುಕೊಳ್ಳಿರಿ. ಕಂಪ್ಯೂಟರ್ ಕೆಟ್ಟರೆ ಪಟ್ಟಿಯೂ ಹೋಗಬಾರದು.

ಕೊನೆಯ ಕಾಲಂ

‘ಯಾರದ್ದು’ ಎಂಬ ಕಾಲಂ ಮಗಳದೇ ಸಲಹೆ. “ಎಲ್ಲವೂ ನಮ್ಮದೇ ಅಲ್ಲವೇ, ಅದೇಕೆ?” ಎಂದಿದ್ದೆ. ಆದರೆ ಒಂದೊಂದೇ ಪುಸ್ತಕದ ಮೊದಲ ಪುಟ ತೆರೆಯುತ್ತಾ ಹೋದಂತೆ ಮಾತು ಬಾರದಾಯಿತು. ಒಂದರಲ್ಲಿ ಮಾವನವರ ಗೆಳೆಯರ ಸಹಿ. ಇನ್ನೊಂದರಲ್ಲಿ ಒಂದು ವಾಚನಾಲಯದ ಮೊಹರು. ಮತ್ತೊಂದು ನನ್ನದೇ ಕಾಲೇಜು ಗೆಳತಿಯದು, ಪರೀಕ್ಷೆಗೆಂದು ತಂದದ್ದು. ಕೊನೆಯಲ್ಲಿ ಎಣಿಸಿದಾಗ ನಮ್ಮದಲ್ಲದವು ಹದಿನಾಲ್ಕು ಇದ್ದವು. ಇಷ್ಟು ವರ್ಷ ಯಾರು ಯಾರೋ ನಮ್ಮ ಪುಸ್ತಕ ಕೊಟ್ಟಿಲ್ಲವೆಂದು ಗೊಣಗುತ್ತಿದ್ದ ನಾವು, ಹದಿನಾಲ್ಕು ಮನೆಗಳಲ್ಲಿ ಅದೇ ಗೊಣಗಾಟಕ್ಕೆ ಕಾರಣರಾಗಿದ್ದೆವೇನೋ!

ಕುರ್‌ಆನಿನ ಅತಿ ದೀರ್ಘ ಆಯತ್ತು ಅಲ್ ಬಕರಃ ಅಧ್ಯಾಯದಲ್ಲಿದೆ. ಅದು ಸಾಲದ ವ್ಯವಹಾರವನ್ನು, ಸಣ್ಣದಿರಲಿ ದೊಡ್ಡದಿರಲಿ, ಬರೆದಿಡಬೇಕೆಂದು ಕಲಿಸುತ್ತದೆ. ಅಮಾನತ್ತನ್ನು ಅದರ ಹಕ್ಕುದಾರರಿಗೆ ತಲುಪಿಸಬೇಕೆಂದು ಅನ್ನಿಸಾ ಅಧ್ಯಾಯ ಆಜ್ಞಾಪಿಸುತ್ತದೆ. ಮಾವನವರ ಜನಾಝದ ದಿನ, ಯಾರಿಗಾದರೂ ಹಣ ಕೊಡಬೇಕಾದದ್ದಿದ್ದರೆ ತಿಳಿಸಿರೆಂದು ಮನೆಯವರು ಎಲ್ಲರ ಮುಂದೆ ಕೇಳಿದ್ದರು. ಪುಸ್ತಕದ ನೆನಪು ನಮ್ಮಲ್ಲಿ ಯಾರಿಗೂ ಬರಲಿಲ್ಲ. ಇನ್ನೊಬ್ಬರ ಪುಸ್ತಕ ಮೃತರ ಸೊತ್ತಾಗುವುದಿಲ್ಲ, ನಮಗೆ ವಾರಸಾಗಿಯೂ ಬರುವುದಿಲ್ಲ. ಅದನ್ನು ತಲುಪಿಸುವ ಹೊಣೆ ಮಾತ್ರ ನಮ್ಮದು.

ಅತ್ತೆ ಅಂದು ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ. ಮರುದಿನದಿಂದ ನಾವು ವಿಳಾಸ ಹುಡುಕತೊಡಗಿದೆವು. ಮಾವನವರ ಗೆಳೆಯರೂ ಈಗ ಇಲ್ಲ. ಅವರ ಮಗ ಪುಸ್ತಕ ತೆರೆದು, ತಂದೆಯ ಸಹಿಯ ಮೇಲೆ ಬೆರಳಾಡಿಸಿ, “ಇದು ಅಬ್ಬಾನ ಅಕ್ಷರ. ಮನೆಯಲ್ಲಿ ಇಷ್ಟಾದರೂ ಉಳಿಯಿತಲ್ಲ” ಎಂದರು. ಅತ್ತೆ ಕ್ಷಮೆ ಕೇಳಿದರು. ಅವರೇ ನಮಗೆ ಶುಕ್ರಿಯಾ ಹೇಳಿ ಕಳಿಸಿದರು. ಹದಿನಾಲ್ಕರಲ್ಲಿ ಹನ್ನೊಂದು ಈಗ ಹಕ್ಕುದಾರರಿಗೆ ತಲುಪಿವೆ, ಅಲ್‌ಹಮ್ದುಲಿಲ್ಲಾಹ್. ಉಳಿದ ಮೂರರ ಹುಡುಕಾಟ ನಡೆದಿದೆ. ವಾಚನಾಲಯ ಮುಚ್ಚಿ ಬಹಳ ಕಾಲವಾಗಿದೆ. ಆ ಪುಸ್ತಕವನ್ನು ಯಾರಿಗೆ ಒಪ್ಪಿಸಬೇಕೆಂದು ಬಲ್ಲವರಲ್ಲಿ ಕೇಳಿದ್ದೇವೆ.

ಬಾನು ಮುಷ್ತಾಕರ ಆ ಹಳೆಯ ಪುಸ್ತಕ ಮಾತ್ರ ಇನ್ನೂ ಸಿಕ್ಕಿಲ್ಲ. ಪಟ್ಟಿಯಲ್ಲಿ ಅದಕ್ಕೊಂದು ಸಾಲಿದೆ. ‘ಕೊಂಡುಹೋದವರು’ ಎಂಬಲ್ಲಿ ಖಾಲಿ. ಈಗ ಅದನ್ನು ನೋಡಿದಾಗ ಮೊದಲಿನಂತೆ ಸಿಟ್ಟು ಬರುವುದಿಲ್ಲ. ಕೊಂಡುಹೋದವರು ನಮ್ಮಂತೆಯೇ ಮರೆತಿರಬೇಕು.

ಸಹೋದರಿಯರೇ, ರಮಝಾನಿಗೆ ಮುಂಚೆ ಹೇಗೂ ಮನೆಯನ್ನು ಮೂಲೆಮೂಲೆಯೂ ಬಿಡದೆ ಸ್ವಚ್ಛಗೊಳಿಸುತ್ತೀರಿ. ಈ ಸಲ ಕಪಾಟಿನ ಪುಸ್ತಕಗಳನ್ನೂ ಇಳಿಸಿ ಮಕ್ಕಳ ಮುಂದಿಡಿ. ಕಂಪ್ಯೂಟರ್ ಇಲ್ಲದಿದ್ದರೆ ನೋಟ್‌ಬುಕ್ಕಿನಲ್ಲೇ ಬರೆಯಿರಿ. ಕಾಲಂಗಳು ಎಷ್ಟೇ ಇರಲಿ, ‘ಯಾರದ್ದು’ ಎಂಬುದೊಂದನ್ನು ಮರೆಯಬೇಡಿ. ನಾವು ಕೊಟ್ಟದ್ದು ಬರುವವರೆಗೆ ಕಾಯಬಹುದು. ನಾವು ತಂದದ್ದನ್ನು ಮಾತ್ರ, ಅದರ ಒಡೆಯರು ಇರುವಾಗಲೇ, ಅವರ ಕೈಗೆ ಕೊಡೋಣ.