ಊರಿನ ಹೆಸರು ಆಪ್ಷನಲ್ ಅಲ್ಲ

‘ಕೊಪ್ಪಳ’ ಅನ್ನೋದ್ರಲ್ಲಿ ಎಷ್ಟು ಅಕ್ಷರ? ನಮ್ಮೂರ ಒಂದನೇ ಕ್ಲಾಸಿನ ಹುಡುಗನ್ನ ಕೇಳ್ರಿ, ಮೂರು ಅಂತಾನ. ಗೈಲ್ ಎಂಬ ಸ್ಕೀಮ್‌ಗೆ ಕೇಳಿದರೆ ಆರು. ಒತ್ವ, ಹಲಂತಗಳನ್ನೂ ಬಿಡಿಬಿಡಿಯಾಗಿ ಎಣಿಸುತ್ತದೆ. ಚಿಕನ್ ಸ್ಕೀಮ್ 5ಕ್ಕೆ ಕೇಳಿದರೆ 18! ಯುಟಿಎಫ್-8 ಎಗ್ ಹಾಕದಿದ್ದರೆ ಅದು ಎಣಿಸುವುದು ಬೈಟ್‌ಗಳನ್ನು.

ಒಂದೇ ಸಾಲಿನ ಕೋಡ್‌ಗೆ ಎರಡು ಉತ್ತರ ಯಾಕೆ? 2007ರ ಆರ್6ಆರ್‌ಎಸ್ ಯೂನಿಕೋಡನ್ನು ಕಡ್ಡಾಯ ಮಾಡಿತ್ತು. 2013ರ ಆರ್7ಆರ್‌ಎಸ್ ಆಸ್ಕಿಯನ್ನಷ್ಟೇ ಕಡ್ಡಾಯ ಮಾಡಿ, ಉಳಿದ ಲಿಪಿಗಳನ್ನು ‘ಫುಲ್-ಯೂನಿಕೋಡ್’ ಎಂಬ ಐಚ್ಛಿಕ ಫೀಚರ್‌ಗೆ ತಳ್ಳಿತು. ಕವಿರಾಜಮಾರ್ಗ 9ನೇ ಶತಮಾನದಲ್ಲೇ ತಿರುಳ್ಗನ್ನಡದ ಸೀಮೆಯಲ್ಲಿ ಹೆಸರಿಸಿದ ಕೊಪಣ, ಇಲ್ಲಿ ‘ಇದ್ದರೆ ಇರಲಿ’ ಲೆಕ್ಕ.

ಸಣ್ಣ ಚಿಪ್ ಮೇಲೆ ಓಡುವ ಸ್ಕೀಮ್‌ಗೆ ಯೂನಿಕೋಡ್ ಟೇಬಲ್ ಹೊರೆ, ಒಪ್ತೀನಿ. ಐಚ್ಛಿಕ ಅಂತ ಇಟ್ಟಿದ್ದಕ್ಕೆ ನನ್ನ ಜಗಳ ಇಲ್ಲ. ಫೀಚರ್ ಇದೆಯಾ ಇಲ್ವಾ ಅಂತ ಕೇಳೋಕೆ ಕಾಂಡ್-ಎಕ್ಸ್‌ಪ್ಯಾಂಡ್ ಇದೆ. 1999ರ ಎಸ್‌ಆರ್‌ಎಫ್‌ಐ-0ರಿಂದಲೂ ಇದೆ. ಅದನ್ನು ಕೇಳದ, ಕೇಳಿದರೂ ‘ಎಲ್ಸ್’ನಲ್ಲಿ ಏನೋ ಒಂದು ತೇಪೆ ಹಾಕಿ ‘ನನ್ನ ಕೋಡ್ ಎಲ್ಲಾ ಕಡೆ ಓಡುತ್ತೆ’ ಅಂತ ಎದೆ ತಟ್ಟಿಕೊಳ್ಳುವ ನಮ್ಮಂಥವರ ಮೇಲೆ ನನ್ನ ಸಿಟ್ಟು.

ನಮ್ಮಂಥವರು ಅಂದೆ, ಯಾಕಂದ್ರೆ ನಾನೂ ಮಾಡಿದ್ದೇನೆ. ಊರ ಹೆಸರುಗಳ ಪಟ್ಟಿ ಚಂದ ಕಾಣಲಿ ಅಂತ ಪ್ರತಿ ಹೆಸರನ್ನೂ ಹತ್ತಕ್ಕೆ ಕತ್ತರಿಸುವ ಪ್ರೋಗ್ರಾಂ ಬರೆದಿದ್ದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ನನ್ನ ಲ್ಯಾಪ್‌ಟಾಪಿನಲ್ಲಿ ನಾಲ್ಕೂ ಸರಿ. ಗೆಳೆಯನ ಸ್ಕೀಮ್‌ನಲ್ಲಿ ಹತ್ತು ಅಂದರೆ ಹತ್ತು ಬೈಟು. ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟು ಬೇಕು. ಯಲಬುರ್ಗಾ ‘ಯಲಬ’ ಆಯ್ತು, ಪಕ್ಕದಲ್ಲೊಂದು ಪ್ರಶ್ನಾರ್ಥಕ ಚಿಹ್ನೆ. ಎರರ್? ಒಂದೂ ಬರಲಿಲ್ಲ. ಪ್ರಿಂಟ್ ಹೊಡೆದ ಮೇಲೆ ಅಪ್ಪ ನೋಡಿ, ‘ಇದ್ಯಾವೂರೋ ತಮ್ಮಾ?’ ಅಂದ್ರು.

ಕೊಪ್ಪಳದಲ್ಲಿ ಕಂಡಕ್ಟರ್ ‘ಯಲಬುರ್ಗಾಕ್ಕ ಹೋಗಂಗಿಲ್ರಿ’ ಅಂದರೆ ಬೇರೆ ಬಸ್ ಹುಡುಕ್ತೀವಿ. ಟಿಕೆಟ್ ಹರಿದು, ಕುಕನೂರಿನಲ್ಲಿ ಇಳಿಸಿದರೆ ಸುಮ್ಮನಿರ್ತೀವಾ?

ಕನ್ನಡ ಮುಟ್ಟುವ ಪ್ರೋಗ್ರಾಂ ಬರೆಯುವವರಿಗೆ ನಾನು ಹೇಳೋದು ಇಷ್ಟೇ. ಮೊದಲ ಸಾಲಲ್ಲೇ ಫುಲ್-ಯೂನಿಕೋಡ್ ಇದೆಯಾ ಕೇಳಿ. ಇಲ್ಲದಿದ್ದರೆ ‘ಎಲ್ಸ್’ನಲ್ಲಿ ಎರರ್ ಬರೆದು ಅಲ್ಲೇ ನಿಲ್ಲಿಸಿ. ಹತ್ತು ಕಡೆ ಓಡಿ ಊರ ಹೆಸರು ಕತ್ತರಿಸುವ ಕೋಡ್‌ಗಿಂತ, ‘ನನ್ನಿಂದ ಆಗಂಗಿಲ್ರಿ’ ಅನ್ನುವ ಕೋಡ್ ಮೇಲು.