ಭಂಗಿಯ ಪರಿಮಳವೂ ಸರಕಾರದ ಅಳತೆಗೋಲೂ

ಭಂಗಿಯ ಹೆಸರೆತ್ತಿದೊಡನೆ ನಮ್ಮ ವಾಚಕರಲ್ಲಿ ಅನೇಕರು ಮೂಗು ಮುರಿಯುವರೆಂಬುದನ್ನು ನಾವು ಬಲ್ಲೆವು. ಅಮಲಿನ ಪಕ್ಷವನ್ನು ವಹಿಸುವುದು ನಮ್ಮ ಉದ್ದೇಶವಲ್ಲ. ನಾರಿಗಾಗಿಯೂ ಬೀಜಕ್ಕಾಗಿಯೂ ಈ ಗಿಡವನ್ನು ಬೆಳೆಯುವುದಕ್ಕೆ, ಸರಕಾರದ ಅಪ್ಪಣೆಗೆ ಒಳಪಟ್ಟು, ೧೯೮೫ನೆಯ ಇಸವಿಯ ಮಾದಕ ದ್ರವ್ಯಗಳ ಶಾಸನವೇ ಎಡೆಗೊಟ್ಟಿದೆ. ೨೦೧೮ರಲ್ಲಿ ಉತ್ತರಾಖಂಡದ ಸರಕಾರದವರು ಅಂಥ ಬೇಸಾಯಕ್ಕೆ ಪರವಾನಗಿಯನ್ನೂ ಕೊಟ್ಟರು. ಅಮಲಿನ ಅಂಶವು ನೂರಕ್ಕೆ ೦.೩ನ್ನು ಮೀರಕೂಡದೆಂಬುದು ಷರತ್ತು. ಷರತ್ತು ಸರಿಯಾದುದೇ. ಆದರೆ ಗಿಡವನ್ನು ಅಳೆಯುವುದಕ್ಕೆ ಈ ಒಂದೇ ಕೋಲು ಸಾಕೆ?

ಭಂಗಿಯ ಹೆಣ್ಣು ಹೂಗೊನೆಯ ಮೇಲಿರುವ ಸೂಕ್ಷ್ಮವಾದ ಅಂಟುರೋಮಗಳಲ್ಲಿ ಅಮಲಿನ ವಸ್ತುವಿನೊಡನೆಯೇ ಟರ್ಪೀನುಗಳೆಂಬ ಸುಗಂಧದ್ರವ್ಯಗಳೂ ಹುಟ್ಟುತ್ತವೆ. ನಿಂಬೆಯ ಸಿಪ್ಪೆಯಲ್ಲಿರುವ ಲಿಮೊನೀನ್, ನಮ್ಮ ಮಲೆನಾಡಿನ ಕರಿಮೆಣಸಿನಲ್ಲಿರುವ ಕ್ಯಾರಿಯೊಫಿಲೀನ್ ಇದರಲ್ಲಿಯೂ ಉಂಟು. ಇಂಥ ದ್ರವ್ಯಗಳಲ್ಲಿ ಕೆಲವು ಹುಳುಗಳನ್ನು ಅಟ್ಟುತ್ತವೆ, ಕೆಲವು ಆ ಹುಳುಗಳ ಶತ್ರುಗಳನ್ನು ಕರೆಯುತ್ತವೆ. ಕಾಳಿನ ನಡುವೆ ಬೇವಿನ ಸೊಪ್ಪನ್ನೂ ಲಕ್ಕಿಸೊಪ್ಪನ್ನೂ ಇಡುವ ನಮ್ಮ ಒಕ್ಕಲುಮಕ್ಕಳಿಗೆ ಈ ತತ್ತ್ವವನ್ನು ಯಾರೂ ಕಲಿಸಬೇಕಾದುದಿಲ್ಲ. ಪರಿಮಳವೇ ಬೇರೆ, ಅಮಲೇ ಬೇರೆ. ಒಂದನ್ನು ತಗ್ಗಿಸಿ ಇನ್ನೊಂದನ್ನು ಉಳಿಸುವಂತೆ ತಳಿಯನ್ನು ಆಯ್ದುಕೊಳ್ಳುವುದು ಸಾಧ್ಯ.

ಆಯುವವರು ಲಕ್ಷ್ಯವಿಡದಿದ್ದರೆ ಏನಾಗುವುದೆಂಬುದಕ್ಕೆ ಮುಸುಕಿನ ಜೋಳವೇ ಸಾಕ್ಷಿ. ಬೇರನ್ನು ಹುಳು ಕಡಿದಾಗ ಆ ಗಿಡವು ಇದೇ ಕ್ಯಾರಿಯೊಫಿಲೀನನ್ನು ಮಣ್ಣಿಗೆ ಬಿಡುತ್ತದೆ. ವಾಸನೆ ಹಿಡಿದು ಬಂದ ಸೂಕ್ಷ್ಮ ಜಂತುಗಳು ಹುಳುವನ್ನು ಹೊಕ್ಕು ಕೊಲ್ಲುತ್ತವೆ. ಅಮೆರಿಕದ ತಳಿಗಳು ಹೆಚ್ಚಿನಂಶ ಈ ಶಕ್ತಿಯನ್ನು ಕಳೆದುಕೊಂಡಿವೆಯೆಂದು ೨೦೦೫ರಲ್ಲಿ ಸ್ವಿಸ್ ಮತ್ತು ಜರ್ಮನ್ ವಿಜ್ಞಾನಿಗಳು ತೋರಿಸಿಕೊಟ್ಟರು. ಕಾಡಿನ ಮೂಲಸಸ್ಯದಲ್ಲಿ ಅದು ಉಳಿದಿತ್ತು. ಕಳೆದುದನ್ನು ತಿರುಗಿ ತರುವುದಕ್ಕೆ ಬೇರೊಂದು ಸಸ್ಯದ ಜೀನನ್ನು ಜೋಳದೊಳಕ್ಕೆ ಸೇರಿಸಿ ನೋಡಬೇಕಾಯಿತು!

ಪರಿಮಳವಿದ್ದರೆ ಔಷಧ ಸಿಂಪಡಿಸುವುದೇ ಬೇಡವೆಂದು ಹೇಳುವಷ್ಟು ಮುಗ್ಧರು ನಾವಲ್ಲ. ಭಂಗಿಯನ್ನೇ ನಂಬಿ ಬದುಕುವ ಗಿಡಹೇನೊಂದಿದೆ. ನುಸಿಯ ಕಾಟವೂ ಉಂಟು. ಹೇನುಗಳನ್ನು ಬೆದರಿಸುವ ವಾಸನೆಯುಳ್ಳ ಗೋಧಿಯನ್ನು ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸಂಸ್ಥೆಯವರು ನಿರ್ಮಿಸಿದರಷ್ಟೆ. ಪ್ರಯೋಗಶಾಲೆಯಲ್ಲಿ ಗೆದ್ದ ಆ ಗೋಧಿ ಹೊಲದಲ್ಲಿ ಸೋತಿತೆಂದು ೨೦೧೫ರಲ್ಲಿ ಅವರೇ ಪ್ರಕಟಿಸಿದರು. ಆದಕಾರಣ ಪರೀಕ್ಷೆಯು ಹೊಲದಲ್ಲಿಯೇ, ಆಯಾ ಸೀಮೆಯ ಹುಳುಗಳ ನಡುವೆಯೇ ನಡೆಯಬೇಕು.

ಇಲ್ಲಿಯೇ ನಮ್ಮ ಚಿಂತೆ. ಹಿಮಾಲಯದ ನಾಟಿ ಗಿಡಗಳು ಅನೇಕವಾಗಿ ೦.೩ರ ಮಿತಿಯನ್ನು ಮೀರುವಂಥವು. ಹಾಗೆಂದು ಅವನ್ನು ತಳ್ಳಿ, ಮಿತಿಗೆ ಹೊಂದುವ ಪರದೇಶದ ಬೀಜವನ್ನು ತರಿಸುವುದು ಅಧಿಕಾರಿಗಳಿಗೂ ವರ್ತಕರಿಗೂ ಸುಲಭವಾದ ದಾರಿ. ಆದರೆ ಕುಮಾವೂಂ ಸೀಮೆಯ ಜನರು ನಾರು ತೆಗೆದು, ಬೀಜದ ಚಟ್ನಿ ಅರೆದು, ತಲೆತಲಾಂತರದಿಂದ ಉಳಿಸಿಕೊಂಡು ಬಂದ ಗಿಡಗಳು ಆ ಬೆಟ್ಟದ ಹುಳುಗಳ ನಡುವೆಯೇ ಬಾಳಿದಂಥವು. ೧೯೬೦-೭೦ರ ದಶಕಗಳಲ್ಲಿ ಇಲ್ಲಿಗೆ ಬಂದ ಪಾಶ್ಚಾತ್ಯ ಪ್ರವಾಸಿಗರು ನಮ್ಮ ಬೀಜಗಳನ್ನು ಕೊಂಡೊಯ್ದರು, ಅಲ್ಲಿ ಅವುಗಳಿಂದ ಸಂಕರ ತಳಿಗಳು ಹುಟ್ಟಿದವು. ಅವನ್ನೇ ನಾವು ಹಣ ತೆತ್ತು ಕೊಳ್ಳಬೇಕೆ? ಪರವಾನಗಿಗಳನ್ನು ಹೆಚ್ಚಿಸುವ ಮುನ್ನ ಸರಕಾರದವರು ಬೆಟ್ಟದ ತಳಿಗಳನ್ನು ಸಂಗ್ರಹಿಸಿ, ಔಷಧ ಸಿಂಪಡಿಸದೆ ಕೆಲವು ವರ್ಷ ಅಲ್ಲಿಯೇ ಬೆಳೆಯಿಸಿ, ಅಮಲಿನ ಜೊತೆಗೆ ಪರಿಮಳವನ್ನೂ ಹುಳುವಿನ ಹಾನಿಯನ್ನೂ ಅಳೆಯಿಸಲಿ. ಆ ಲೆಕ್ಕವನ್ನು ಒಕ್ಕಲಿಗರ ಕೈಗೂ ಕೊಡಲಿ.